ಸಿಎಂಎಲ್ ಮಾತ್ರೆ ನಿಲ್ಲಿಸಿ ನೋಡಿದೆ: ನನ್ನ ಅನುಭವ

ನನಗಿರುವುದು ಸಿಎಂಎಲ್. ರಕ್ತ ಕ್ಯಾನ್ಸರಿನಲ್ಲಿ ಹಲವು ಬಗೆ ಇವೆ, ಇದು ನಿಧಾನವಾಗಿ ಬೆಳೆಯುವ ಪೈಕಿ. ಊರು ತಿಪಟೂರು, ಕೊಬ್ಬರಿ ವ್ಯಾಪಾರ. ಸುಸ್ತು, ಎಡ ಪಕ್ಕೆಯ ಕೆಳಗೆ ಭಾರ ಅಂತ ರಕ್ತ ಕೊಟ್ಟಾಗ ಬಿಳಿ ಕಣ ಲಕ್ಷ ದಾಟಿತ್ತು. ಆವತ್ತಿನಿಂದ ಇಮ್ಯಾಟಿನಿಬ್, ದಿನಕ್ಕೆ 400 ಮಿಲಿಗ್ರಾಂ. ವರ್ಷಗಟ್ಟಲೆ ನುಂಗಿದ ಮೇಲೆ ಡಾಕ್ಟರ ಒಪ್ಪಿಗೆ ಪಡೆದು ಅದನ್ನು ನಿಲ್ಲಿಸಿ ನೋಡಿದೆ. ಅದಕ್ಕೆ ಏನೇನು ಮಾಡಬೇಕಾಯಿತು, ಆಮೇಲೆ ಏನಾಯಿತು ಅನ್ನುವುದನ್ನು ಬರೆಯುತ್ತಿದ್ದೇನೆ.

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು. 9 ಮತ್ತು 22ನೇ ಕ್ರೋಮೋಸೋಮುಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಂಡು ಬಿಸಿಆರ್-ಎಬಿಎಲ್ ಅನ್ನುವ ತಪ್ಪು ಜೀನ್ ಹುಟ್ಟುತ್ತದೆ. ಸೆಪ್ಟೆಂಬರ್ 22ನ್ನು ಸಿಎಂಎಲ್ ದಿನ ಅಂತ ಇಟ್ಟುಕೊಂಡಿರುವುದೂ ಇದೇ 9, 22ರ ಲೆಕ್ಕದಲ್ಲಿ. ಆ ಜೀನಿನಿಂದ ಬರುವ ಪ್ರೋಟೀನು ಬಿಳಿ ಕಣಗಳಿಗೆ ಬೆಳೆಯಿರಿ, ಬೆಳೆಯಿರಿ ಅಂತ ಹೇಳುತ್ತಲೇ ಇರುತ್ತದೆ. ಇಮ್ಯಾಟಿನಿಬ್ ಅದರ ಬಾಯಿ ಕಟ್ಟುತ್ತದೆ. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ. ನಮ್ಮಲ್ಲಿ ಮೂಲ ಕಂಪನಿಯ ಮಾತ್ರೆಗೆ ತಿಂಗಳಿಗೆ ಲಕ್ಷ ರೂಪಾಯಿಗೂ ಜಾಸ್ತಿ ಆಗುತ್ತಿತ್ತು, ಭಾರತದ ಕಂಪನಿಗಳದ್ದು ಅದರ ಹತ್ತನೇ ಒಂದು ಭಾಗ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಮೂಲ ಕಂಪನಿ ಕೇಳಿದ್ದ ಪೇಟೆಂಟ್, ಅಂದರೆ ಬೇರೆ ಯಾರೂ ಆ ಮಾತ್ರೆ ಮಾಡದಂತೆ ತಡೆಯುವ ಹಕ್ಕು, ಕೊಡಲಾಗದು ಅಂದಿತು. ಆ ತೀರ್ಪಿಲ್ಲದಿದ್ದರೆ ನಾನು ಮಾತ್ರೆ ಬಿಡುವ ವಿಷಯ ಬರೆಯುತ್ತಿರಲಿಲ್ಲ, ಕೊಳ್ಳುವುದಕ್ಕೇ ಆಗುತ್ತಿರಲಿಲ್ಲ.

ಮಾತ್ರೆ ಜೀವನಪೂರ್ತಿ ಅಂತಲೇ ಮೊದಲು ಹೇಳಿದ್ದರು. ನಾನೂ ಒಪ್ಪಿಕೊಂಡಿದ್ದೆ. ಆಮೇಲೆ ಡಾಕ್ಟರೇ ಒಂದು ಸಲ ಫ್ರಾನ್ಸಿನ ಸಂಶೋಧನೆಯೊಂದರ ಬಗ್ಗೆ ಹೇಳಿದರು. ಕನಿಷ್ಠ ಎರಡು ವರ್ಷ ಪರೀಕ್ಷೆಯಲ್ಲಿ ಕಾಯಿಲೆಯ ಸುಳಿವೇ ಸಿಗದ 100 ಜನರಿಗೆ ಅಲ್ಲಿ ಇಮ್ಯಾಟಿನಿಬ್ ನಿಲ್ಲಿಸಿದ್ದರು. 2010ರಲ್ಲಿ ಫಲಿತಾಂಶ ಬಂತು. ಒಂದು ವರ್ಷ ಕಳೆದಾಗ ಸುಮಾರು 40 ಪರ್ಸೆಂಟ್ ಜನ ಮಾತ್ರೆಯಿಲ್ಲದೆಯೇ ಚೆನ್ನಾಗಿದ್ದರು. ಮುಂದೆ ಯುರೋಪಿನ 11 ದೇಶಗಳಲ್ಲಿ 750ಕ್ಕೂ ಜಾಸ್ತಿ ಜನರ ಮೇಲೆ ನಡೆದ ಅಧ್ಯಯನದಲ್ಲಿ ಎರಡು ವರ್ಷದ ಹೊತ್ತಿಗೆ ಅರ್ಧದಷ್ಟು ಜನ ಹಾಗೇ ಉಳಿದಿದ್ದರು.

ಅರ್ಧ ಅಂದರೆ ಇನ್ನರ್ಧ ಜನಕ್ಕೆ ವಾಪಸ್ ಬಂತು ಅಂತಲೂ ಆಯಿತಲ್ವಾ? ನನ್ನ ಹೆಂಡತಿ ಹಿಡಿದದ್ದೂ ಅದನ್ನೇ. "ಚೆನ್ನಾಗಿದ್ದೀರಲ್ಲ, ಸುಮ್ನೆ ನುಂಗ್ತಾ ಇರಿ. ಯಾಕ್ರೀ ಬೇಕು ಈ ಉಸಾಬರಿ?" ಅಂದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನನ್ನನ್ನು ಒಪ್ಪಿಸಿದ್ದು ಆ ಅಧ್ಯಯನಗಳ ಇನ್ನೊಂದು ಮಾತು. ವಾಪಸ್ ಬಂದವರು ಅದೇ ಮಾತ್ರೆ ಮತ್ತೆ ಶುರು ಮಾಡಿದಾಗ ಹೆಚ್ಚುಕಡಿಮೆ ಎಲ್ಲರಿಗೂ ಕಾಯಿಲೆ ಮತ್ತೆ ಹತೋಟಿಗೆ ಬಂದಿತ್ತು. ವ್ಯಾಪಾರಿಗೆ ಬಂಡವಾಳ ಉಳಿಯುತ್ತದೆ ಅಂತ ಗೊತ್ತಾದರೆ ಕೈ ಹಾಕುವ ಧೈರ್ಯ ತಾನಾಗಿ ಬರುತ್ತದೆ. ರಾತ್ರಿ ಕಾಲಿನ ಸ್ನಾಯು ಹಿಡಿದುಕೊಳ್ಳುವುದು, ಬೆಳಿಗ್ಗೆ ಕಣ್ಣಿನ ಸುತ್ತ ಊತ, ಹೊಟ್ಟೆ ತೊಳಸುವುದು, ಇವೂ ಸಾಕಾಗಿದ್ದವು.

ಬೇಕು ಅಂದವರಿಗೆಲ್ಲ ನಿಲ್ಲಿಸುವುದಿಲ್ಲ. ಕಾಯಿಲೆ ಮೊದಲ ಹಂತ ದಾಟಿರಬಾರದು. ಮಾತ್ರೆಗೆ ಯಾವತ್ತೂ ಬಗ್ಗದೆ ಇದ್ದ ಚರಿತ್ರೆ ಇರಬಾರದು. ಇಮ್ಯಾಟಿನಿಬ್ ಆದರೆ ಐದು ವರ್ಷವಾದರೂ ತಗೊಂಡಿರಬೇಕು, ರಕ್ತದಲ್ಲಿ ಆ ತಪ್ಪು ಜೀನು ಎಷ್ಟು ಉಳಿದಿದೆ ಅಂತ ಅಳೆಯುವ ಪಿಸಿಆರ್ ಪರೀಕ್ಷೆಯ ರಿಪೋರ್ಟು ಕೊನೆಯ ಎರಡು ವರ್ಷವಾದರೂ 0.01 ಪರ್ಸೆಂಟಿನ ಒಳಗೇ ನಿಂತಿರಬೇಕು ಅಂದರು ನಮ್ಮ ಡಾಕ್ಟರು. ನನ್ನದು ಆ ಗೆರೆಯ ಕೆಳಗೇ ಇತ್ತು.

ನನಗೆ ಜಾಸ್ತಿ ಕೆಲಸ ಕೊಟ್ಟಿದ್ದು ಈ ಪಿಸಿಆರ್. ಮಾತ್ರೆ ನಿಲ್ಲಿಸಿದ ಮೇಲೆ ನಮ್ಮನ್ನು ಕಾಯುವುದು ಇದೊಂದೇ. ಮಾಮೂಲಿ ಕೌಂಟ್ ಪರೀಕ್ಷೆಯಲ್ಲಿ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ರಿಪೋರ್ಟಿನಲ್ಲಿ ನಾನು ಮೊದಲು ನೋಡುತ್ತಿದ್ದುದು ಪರ್ಸೆಂಟಿನ ಪಕ್ಕ ಐಎಸ್ ಅಂತ ಇದೆಯಾ ಅಂತ. ಅಂದರೆ ಅಂತರರಾಷ್ಟ್ರೀಯ ಅಳತೆಗೆ ಹೊಂದಿಸಿದ ಸಂಖ್ಯೆ. ಅದಿಲ್ಲದಿದ್ದರೆ ಒಂದು ಲ್ಯಾಬಿನ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸುವ ಹಾಗಿಲ್ಲ. ಆಮೇಲೆ ಎಬಿಎಲ್ ಕಾಪಿ ಎಷ್ಟು ಅಂತ, ಅಂದರೆ ಹೋಲಿಕೆಗೆ ಇಟ್ಟುಕೊಳ್ಳುವ ಎಬಿಎಲ್ ಜೀನಿನ ಪ್ರತಿಗಳು ಆ ರಕ್ತದಲ್ಲಿ ಎಷ್ಟು ಸಿಕ್ಕವು ಅಂತ. ಅದು 10,000ಕ್ಕಿಂತ ಕಡಿಮೆ ಇದ್ದರೆ ರಕ್ತದ ಮಾದರಿ ಸಾಲದು ಅಂತ ಅರ್ಥ. ಆಗ "ಏನೂ ಕಾಣಲಿಲ್ಲ" ಅಂತ ಬರೆದಿದ್ದರೂ ಖುಷಿಪಡಬೇಕಾಗಿಲ್ಲ, ಸರಿಯಾಗಿ ಹುಡುಕಿಯೇ ಇರುವುದಿಲ್ಲ. ಇಷ್ಟನ್ನು ಡಾಕ್ಟರ ಹತ್ತಿರ ಕೇಳಿ ಕೇಳಿ ಕಲಿತೆ. ಮೊದಲ ದಿನಗಳ ಹಳೇ ರಿಪೋರ್ಟೂ ಬೇಕಾಯಿತು. ಬಿಸಿಆರ್-ಎಬಿಎಲ್‌ನಲ್ಲೂ ಬಗೆಗಳಿವೆ, ಅಪರೂಪದ ಬಗೆ ಆದರೆ ಮಾಮೂಲಿ ಪಿಸಿಆರ್‌ಗೆ ಅದು ಸಿಗುವುದೇ ಇಲ್ಲ. ಹಳೇ ಫೈಲು ಬಿಸಾಡಬೇಡಿ.

ರಕ್ತವನ್ನು ಊರಲ್ಲೇ ಕೊಟ್ಟು ಕಳಿಸಬಹುದಿತ್ತು. ಆದರೆ ಪರೀಕ್ಷೆ ಮಾಡುವುದು ಆರ್‌ಎನ್‌ಎ ಮೇಲೆ, ಅದು ಬೇಗ ಹಾಳಾಗುತ್ತದೆ. ಹಾಗಾಗಿ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ, ಒಂದೇ ಲ್ಯಾಬಿನಲ್ಲಿ ಕೊಟ್ಟು ಬರುತ್ತಿದ್ದೆ. ಮೊದಲ ಆರು ತಿಂಗಳು ಪ್ರತಿ ತಿಂಗಳೂ, ಮುಂದಿನ ಆರು ತಿಂಗಳು ಎರಡು ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ, ಅದು ನಿಲ್ಲುವುದೇ ಇಲ್ಲ. ಮಾತ್ರೆಯ ದುಡ್ಡು ಉಳಿಯುತ್ತದೆ ಅಂತ ಹೊರಟರೆ ಆ ವರ್ಷ ಏನೂ ಉಳಿಯುವುದಿಲ್ಲ. ಪರೀಕ್ಷೆಗೇ ಸರಿಹೋಗುತ್ತದೆ.

ನಿಲ್ಲಿಸಿದ ವಾರ ದೇವನಹಳ್ಳಿ ಚಕ್ಕೋತ ತರಿಸಿ ಒಬ್ಬನೇ ಕೂತು ತಿಂದೆ. ಆ ಜಾತಿಯ ಹಣ್ಣು ರಕ್ತದಲ್ಲಿ ಔಷಧದ ಮಟ್ಟ ಏರಿಸುತ್ತದೆ ಅಂತ ಅಷ್ಟು ವರ್ಷ ಬಿಟ್ಟಿದ್ದೆ. ಕಣ್ಣಿನ ಊತ ಇಳಿಯಿತು. ಆದರೆ ಹೆಗಲು, ಮೊಣಕಾಲು ಹಿಡಿದುಕೊಂಡವು. ಕಾಯಿಲೆಯೇ ವಾಪಸ್ ಬಂತೇನೋ ಅಂತ ಹೆದರಿದೆ. ಅಲ್ಲವಂತೆ. ಮಾತ್ರೆ ಬಿಟ್ಟವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಹೀಗೆ ಮೈಕೈ ನೋವು ಬರುತ್ತದೆ, ತಾನಾಗಿ ಹೋಗುತ್ತದೆ ಅಂದರು ಡಾಕ್ಟರು. ಹೋಯಿತು ಕೂಡ.

ಅಂಕಿ ಮೊದಲಿಗೆ 0.004ರ ಆಸುಪಾಸಿನಲ್ಲೇ ಇತ್ತು. ಆಮೇಲೆ 0.02. "ಗಾಬರಿ ಬೇಡ, 0.1 ದಾಟುವವರೆಗೆ ಕಾಯೋಣ" ಅಂದರು. ಮುಂದಿನ ಸಲ 0.07. ರಿಪೋರ್ಟು ಮೊಬೈಲಿಗೆ ಬರುವ ದಿನ ನಾನು ಹರಾಜಿಗೂ ಹೋಗಲಿಲ್ಲ. ಅದರ ಮುಂದಿನದು 0.3. ಅಲ್ಲಿಗೆ ಮುಗಿಯಿತು. ಅವತ್ತು ರಾತ್ರಿ ಊಟದ ಜೊತೆ ದೊಡ್ಡ ಲೋಟ ನೀರು ಕುಡಿದು ಮತ್ತೆ ಮಾತ್ರೆ ನುಂಗಿದೆ. ಹೆಂಡತಿ ಏನೂ ಹೇಳಲಿಲ್ಲ, ಅದೇ ದೊಡ್ಡ ಉಪಕಾರ.

ಬೇಜಾರಾಗಲಿಲ್ಲ ಅಂದರೆ ಸುಳ್ಳು. ಆದರೆ ಒಳಗಿನ ದಿಗಿಲು ಒಂದಷ್ಟು ಕರಗಿದ್ದೂ ನಿಜ. ಕಾಯಿಲೆ ತಲೆ ಎತ್ತಿದ್ದು ಪಿಸಿಆರ್ ಕಾಗದದ ಮೇಲೆ ಮಾತ್ರ. ಕೌಂಟ್ ಏರಲಿಲ್ಲ, ಎಡ ಪಕ್ಕೆಯ ಕೆಳಗಿನ ಗುಲ್ಮ ಊದಲಿಲ್ಲ. ಕೆಲವೇ ತಿಂಗಳಲ್ಲಿ ಅಂಕಿ ಮತ್ತೆ 0.01ರ ಕೆಳಗೆ ಇಳಿಯಿತು. ಅಧ್ಯಯನದಲ್ಲಿ ಓದಿದ್ದು ನನ್ನ ಮೈಯಲ್ಲೇ ನಡೆದದ್ದನ್ನು ನೋಡಿದೆ.

ಓಪಿಡಿಯಲ್ಲಿ ಪಕ್ಕ ಕೂತಿದ್ದ ಒಬ್ಬ ಹುಡುಗಿ, ಹೊಸದಾಗಿ ಮದುವೆಯಾದವಳು, "ಅಂಕಲ್, ನಿಲ್ಲಿಸಿದ್ರೆ ಏನೂ ಆಗಲ್ವಾ?" ಅಂತ ಕೇಳಿದಳು. ಈ ಮಾತ್ರೆ ತಗೊಳ್ಳುವಾಗ ಬಸಿರಾಗಬಾರದು. ನನಗೆ ಇದು ಸ್ನಾಯು ಸೆಳೆತದ ವಿಷಯ, ಅವಳಿಗೆ ಮಗುವಿನ ವಿಷಯ. ನನಗಾದದ್ದನ್ನೆಲ್ಲ ಹೇಳಿದೆ, 0.3ನ್ನೂ ಸೇರಿಸಿ. ನಿನ್ನ ರಿಪೋರ್ಟು ಎಷ್ಟು ವರ್ಷದಿಂದ ಕೆಳಗಿದೆ ಅಂತ ಡಾಕ್ಟರನ್ನು ಕೇಳಮ್ಮ, ನೀನಾಗಿ ಮಾತ್ರ ನಿಲ್ಲಿಸಬೇಡ ಅಂದೆ.

ಎರಡನೇ ಸಲ ನಿಲ್ಲಿಸಿ ಗೆದ್ದವರೂ ಇದ್ದಾರೆ, ಆದರೆ ಕಡಿಮೆ ಜನ. ಇನ್ನೊಂದು ಹೊಸ ಮಾತ್ರೆಯೂ ಬಂದಿದೆ, ಅಸಿಮಿನಿಬ್. ಅದು ಆ ತಪ್ಪು ಪ್ರೋಟೀನಿನ ಬೇರೆಯೇ ಜಾಗದಲ್ಲಿ ಕೂರುತ್ತದಂತೆ. ಹೊಸದಾಗಿ ಕಾಯಿಲೆ ಗೊತ್ತಾದವರಲ್ಲಿ ಅದನ್ನು ಹಳೇ ಮಾತ್ರೆಗಳ ಎದುರು ಇಟ್ಟು ನೋಡಿದ ಫಲಿತಾಂಶ 2024ರಲ್ಲಿ ಬಂತು. 48 ವಾರಕ್ಕೆ 0.1ರ ಒಳಗೆ ಬಂದವರು ಅದರಲ್ಲಿ 68 ಪರ್ಸೆಂಟ್, ಹಳೆಯವುಗಳಲ್ಲಿ 49. ನನ್ನಂಥ ಹಳಬನಿಗೆ ಅದು ಬೇಕಾ ಅಂತ ಕೇಳಿದೆ. ಈಗಿನ ಮಾತ್ರೆಗೇ ಕಾಯಿಲೆ ಬಗ್ಗುತ್ತಿದೆಯಲ್ಲ, ಮತ್ತೆ ಕೆಲವು ವರ್ಷ ಅಂಕಿ ಕೆಳಗೇ ನಿಲ್ಲಲಿ, ಆಮೇಲೆ ಎರಡನೇ ಸಲದ ಮಾತು ಆಡೋಣ ಅಂದರು. ಸದ್ಯಕ್ಕೆ ಮೂರು ತಿಂಗಳಿಗೊಮ್ಮೆ ರಕ್ತ ಕೊಟ್ಟು ಬರುತ್ತಿದ್ದೇನೆ.