ಹೋಯ್ತು ಅಂದ ಹಾರ್ಡ್ ಡಿಸ್ಕಿನಿಂದ ತಾಳಮದ್ದಲೆ ತೆಗೆದ ನನ್ನ ಅನುಭವ

ಹುಬ್ಬಳ್ಳಿಯಲ್ಲಿ ನೋಡಿದವರು "ಹೆಡ್ (ತಟ್ಟೆಯಿಂದ ಡೇಟಾ ಓದುವ ಭಾಗ) ಹೋಗಿದೆ, ಆಸೆ ಬಿಡಿ" ಅಂದಿದ್ದ 500 ಜಿಬಿ ಲ್ಯಾಪ್‌ಟಾಪ್ ಡಿಸ್ಕಿನಿಂದ ಬೇಕಾದ ಫೈಲುಗಳನ್ನೆಲ್ಲ ಹೆಚ್ಚುಕಮ್ಮಿ ತೆಗೆದಿದ್ದೇನೆ. ಅದೂ ಕುಮಟಾದ ನನ್ನ ಸಣ್ಣ ಅಂಗಡಿಯಲ್ಲಿ, ಡಿಸ್ಕಿನ ಮುಚ್ಚಳ ಬಿಚ್ಚದೆ. ಇದೇ ಕೆಲಸ ಮಾಡುವ ಗೆಳೆಯರು "ಕ್ಲೀನ್ ರೂಮ್ (ಡಿಸ್ಕ್ ಬಿಚ್ಚಲು ಬೇಕಾದ ಧೂಳಿಲ್ಲದ ಕೋಣೆ) ಇಲ್ಲದೆ ಆಗೋದಲ್ಲ, ಸುಮ್ನೆ ಟೈಮ್ ಹಾಳು" ಅಂದಿದ್ದರು. ಹಾಗಾಗಿ ಇದನ್ನು ಬರೆದಿಡಬೇಕು ಅನಿಸಿತು.

ಲ್ಯಾಪ್‌ಟಾಪ್ ಒಬ್ಬ ನಿವೃತ್ತ ಮಾಸ್ತರರದ್ದು. 2011ರ ಸುಮಾರಿಗೆ ಕೊಂಡಿದ್ದು. ಬೆಂಗಳೂರಿನ ಲ್ಯಾಬ್ ಒಂದರಲ್ಲಿ ಮೂವತ್ತು ಸಾವಿರದ ಹತ್ತಿರ ಕೇಳಿದ್ದರಂತೆ, ಅದಕ್ಕೂ ಗ್ಯಾರಂಟಿ ಇಲ್ಲ. "ತಮಾ, ಇದ್ರಲ್ಲಿ ನನ್ನ ತಾಳಮದ್ದಲೆ ಎಲ್ಲ ಇದ್ದು. ಹೆಂಗಾರೂ ಮಾಡಿ ತೆಗ್ದುಕೊಡು" ಅಂದರು. ಊರೂರು ತಿರುಗಿ ಅವರೇ ಮಾಡಿದ ರೆಕಾರ್ಡಿಂಗ್‌ಗಳು. ತಾಳಮದ್ದಲೆ ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತು, ಹಾಡಿನಲ್ಲೇ ನಡೆಸುವ ಯಕ್ಷಗಾನ. ಅದರ ಜೊತೆಗೆ ಯಕ್ಷಗಾನದ ಹೆಸರಾಂತ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಆಟದ ರೆಕಾರ್ಡಿಂಗೂ ಇತ್ತು. ಚಿಟ್ಟಾಣಿಯವರು 2017ರಲ್ಲಿ ತೀರಿಕೊಂಡರು. ಅಂಥದ್ದನ್ನು ಮತ್ತೆ ಎಲ್ಲಿಂದ ತರೋದು? ಅದಕ್ಕೇ ಒಪ್ಪಿಕೊಂಡೆ.

ಮೊದಲಿಗೆ ಡಿಸ್ಕ್ ಡಿಟೆಕ್ಟೇ ಆಗಲಿಲ್ಲ. ತಿರುಗುತ್ತದೆ, ಎರಡು ಸಲ ಟಕ್ ಅನ್ನುತ್ತದೆ, ನಿಲ್ಲುತ್ತದೆ. ಈ ಸದ್ದು ಕೇಳಿದ ಕೂಡಲೇ ಎಲ್ಲರೂ ಹೆಡ್ ಅಂತ ಹೇಳಿಬಿಡುತ್ತಾರೆ. ನಮ್ಮ ಕರಾವಳಿಯಲ್ಲಿ ಮೊದಲು ನೋಡಬೇಕಾದ್ದು ಬೋರ್ಡ್, ಅಂದರೆ ಡಿಸ್ಕಿನ ಅಡಿಗೆ ಇರುವ ಸರ್ಕ್ಯೂಟ್ ಹಲಗೆ. ಟಿ5 ಸ್ಟಾರ್ ಸ್ಕ್ರೂ ಬಿಚ್ಚಿ ಬೋರ್ಡ್ ಮಗುಚಿದೆ. ಹೆಡ್ಡಿನ ಸ್ಪ್ರಿಂಗ್ ಪಿನ್‌ಗಳು ಒತ್ತಿ ನಿಲ್ಲುವ ಜಾಗದಲ್ಲಿ ಬೆಳ್ಳಗೆ ಹೊಳೆಯಬೇಕಾದ ಪ್ಯಾಡ್‌ಗಳು ಕಪ್ಪಾಗಿದ್ದವು. ಒಂದೊಂದರ ನಡುವೆ ಪಿನ್ ಕೂತ ಗುರುತು, ಅದರ ಸುತ್ತ ಕಂದು ಬಣ್ಣದ ಉಂಗುರ. ಉಪ್ಪುಗಾಳಿಯ ಕೆಲಸ. ಶಾಲೆ ಮಕ್ಕಳ ಬಿಳಿ ರಬ್ಬರಿನಿಂದ ಹಗೂರಕ್ಕೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಒಣಗಿಸಿ ಕೂರಿಸಿದೆ. ಡಿಸ್ಕ್ ಡಿಟೆಕ್ಟ್ ಆಯ್ತು! ಹುಬ್ಬಳ್ಳಿಯವರು ಬೋರ್ಡ್ ಬಿಚ್ಚಿಯೇ ಇರಲಿಲ್ಲ, ಸ್ಕ್ರೂ ಮೇಲಿನ ಧೂಳೇ ಹೇಳುತ್ತಿತ್ತು.

ಆದರೆ ಕಷ್ಟ ಶುರುವಾಗಿದ್ದು ಅಲ್ಲಿಂದ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ರಿಪೋರ್ಟಿನಲ್ಲಿ 197ನೇ ಸಾಲು, ಅಂದರೆ ಓದಲು ಕಷ್ಟವಾಗುತ್ತಿರುವ ಪೆಂಡಿಂಗ್ ಸೆಕ್ಟರ್‌ಗಳ ಎಣಿಕೆ, ಸಾವಿರದ ಮೇಲಿತ್ತು. ಯುಎಸ್‌ಬಿ ಅಡಾಪ್ಟರಿನಲ್ಲಿ ಹಾಕಿ ಡಿಡಿರೆಸ್ಕ್ಯೂ (ಕೆಟ್ಟ ಡಿಸ್ಕಿನಿಂದ ಬೇರೆ ಡಿಸ್ಕಿಗೆ ನಕಲು ತೆಗೆಯುವ ಪ್ರೋಗ್ರಾಂ) ಓಡಿಸಿದರೆ ಕೆಟ್ಟ ಸೆಕ್ಟರ್ ಬಂದಾಗಲೆಲ್ಲ ಅಡಾಪ್ಟರ್ ರೀಸೆಟ್ ಆಗಿ ಡಿಸ್ಕೇ ಮಾಯ. ಏಳುನೂರು ರೂಪಾಯಿ ಕೊಟ್ಟು ಬೇರೆ ಅಡಾಪ್ಟರ್ ತರಿಸಿದೆ, ಅದೂ ಅದೇ ಕಥೆ. ಕೊನೆಗೆ ಹಳೇ ಡೆಸ್ಕ್‌ಟಾಪಿನ ಮದರ್‌ಬೋರ್ಡಿನ ಸಾಟಾ ಪೋರ್ಟಿಗೇ (ಡಿಸ್ಕ್ ಜೋಡಿಸುವ ಜಾಗ) ನೇರ ಹಾಕಿ, ಸಿಸ್ಟಮ್‌ರೆಸ್ಕ್ಯೂ ಎಂಬ ಲಿನಕ್ಸ್ ಇರುವ ಪೆನ್ ಡ್ರೈವಿನಿಂದ ಬೂಟ್ ಮಾಡಿದೆ. ವಿಂಡೋಸಿನಲ್ಲಿ ಇಂಥ ಡಿಸ್ಕ್ ಹಾಕಲೇಬಾರದು. ಅದು ತಾನಾಗೇ ಮೌಂಟ್ ಮಾಡಿ ಬರೆಯಲು ಹೋಗುತ್ತದೆ.

ಮೊದಲ ಸುತ್ತು ಡಿಡಿರೆಸ್ಕ್ಯೂಗೆ ಮೈನಸ್ ಎನ್ (ಕೆಟ್ಟ ಜಾಗ ಕೆದಕಬೇಡ), ಮೈನಸ್ ಡಿ (ಡಿಸ್ಕಿನಿಂದ ನೇರ ಓದು) ಹಾಕಿ ಬಿಟ್ಟೆ. ಒಂದಷ್ಟು ಹೊತ್ತು ಸೆಕೆಂಡಿಗೆ 60 ಎಂಬಿ, ಆಮೇಲೆ ಇದ್ದಕ್ಕಿದ್ದಂತೆ ಕೆಬಿ ಲೆಕ್ಕ, ಮತ್ತೆ 60. ಮ್ಯಾಪ್‌ಫೈಲನ್ನು ಡಿಡಿರೆಸ್ಕ್ಯೂವ್ಯೂನಲ್ಲಿ ತೆರೆದರೆ ಪಟ್ಟೆಪಟ್ಟೆ ಕಾಣಿಸಿತು. ಎಲ್ಲೆಲ್ಲಿ ಓದಿ ಆಗಿದೆ, ಎಲ್ಲಿ ಬಾಕಿ ಅನ್ನೋದನ್ನು ಡಿಡಿರೆಸ್ಕ್ಯೂ ಬರೆದಿಡುವುದು ಮ್ಯಾಪ್‌ಫೈಲ್, ಅದನ್ನು ಚಿತ್ರವಾಗಿ ತೋರಿಸುವುದು ಡಿಡಿರೆಸ್ಕ್ಯೂವ್ಯೂ. ಡಿಸ್ಕಿನಲ್ಲಿ ಹೆಡ್‌ಗಳು ಸರದಿಯಂತೆ ಓದುತ್ತವೆ, ಹಾಗಾಗಿ ಪಟ್ಟೆ ಅಂದರೆ ಒಂದು ಹೆಡ್ ಸುಸ್ತಾಗಿದೆ, ಉಳಿದವು ಗಟ್ಟಿ ಇವೆ ಅಂತ ಅರ್ಥ. ಹೀಗೇ ಬಿಟ್ಟರೆ ಆ ಹೆಡ್ ಖಾಲಿ ಜಾಗ ಓದುತ್ತಲೇ ಸಾಯುತ್ತದೆ. ನಿಲ್ಲಿಸಿದೆ.

ಇಲ್ಲಿಂದ ಮುಂದಿನದೇ ನನ್ನ ವಿಧಾನ. ಮಾಸ್ತರರ ಡಿಸ್ಕಿನಲ್ಲಿ ತುಂಬಿದ್ದು 140 ಜಿಬಿ ಆಸುಪಾಸು ಮಾತ್ರ. ಯಾವ ಕ್ಲಸ್ಟರ್ (ಡಿಸ್ಕಿನ ಜಾಗದ ಸಣ್ಣ ತುಂಡು) ತುಂಬಿದೆ, ಯಾವುದು ಖಾಲಿ ಅನ್ನೋದನ್ನು ವಿಂಡೋಸ್ ಬಳಸುವ ಫೈಲ್ ವ್ಯವಸ್ಥೆ ಎನ್‌ಟಿಎಫ್‌ಎಸ್ ತನ್ನ ಬಿಟ್‌ಮ್ಯಾಪಿನಲ್ಲಿ ಬರೆದಿಟ್ಟಿರುತ್ತದೆ. ಡಿಡಿಆರ್‌ಯುಟಿಲಿಟಿಯ ಎನ್‌ಟಿಎಫ್‌ಎಸ್‌ಬಿಟ್‌ಮ್ಯಾಪ್ ಟೂಲಿನಿಂದ ಅದನ್ನು ತೆಗೆದು ಡೊಮೇನ್ ಫೈಲ್ (ಡಿಡಿರೆಸ್ಕ್ಯೂ ಓದಬೇಕಾದ ಜಾಗಗಳ ಪಟ್ಟಿ) ಮಾಡಿಕೊಂಡೆ. ಆಮೇಲೆ ಮೈನಸ್ ಎಮ್ ಕೊಟ್ಟು ಅಷ್ಟನ್ನೇ ಓದಿಸಿದೆ. ಅಡಿಕೆ ಮರ ಇರುವ ಸಾಲಿಗೆ ಮಾತ್ರ ನೀರು ಬಿಟ್ಟ ಹಾಗೆ. ಅದಕ್ಕೂ ಮೊದಲು ಎಮ್‌ಎಫ್‌ಟಿ ಜಾಗವನ್ನು (ಡಿಸ್ಕಿನ ಎಲ್ಲ ಫೈಲುಗಳ ಸೂಚಿ) ಪೂರ್ತಿ ಎತ್ತಿಕೊಂಡೆ. ಸಾಮಾನ್ಯವಾಗಿ ಪಾರ್ಟಿಷನ್ ಶುರುವಿನಿಂದ 3 ಜಿಬಿ ಆಚೆ ಅದು ಶುರುವಾಗುತ್ತದೆ. ಅದು ಸಿಕ್ಕರೆ ಫೈಲುಗಳ ಹೆಸರು, ಫೋಲ್ಡರ್ ಎಲ್ಲ ಉಳಿಯುತ್ತದೆ. ಪ್ರಸಂಗದ ಹೆಸರು, ಊರು, ತಾರೀಕು ಎಲ್ಲ ಮಾಸ್ತರರು ಫೈಲ್ ಹೆಸರಿನಲ್ಲೇ ಬರೆದಿದ್ದರು. ಹೆಸರು ನೋಡದೆ ಒಳಗಿನ ಡೇಟಾದಿಂದಲೇ ಫೈಲ್ ಹುಡುಕುವ ಫೋಟೋರೆಕ್ ಮಾತ್ರ ಓಡಿಸಿದ್ದರೆ ಎಫ್ ಅಕ್ಷರದ ಮುಂದೆ ನಂಬರ್ ಇರುವ ಸಾವಿರಾರು ಫೈಲ್ ಕೊಟ್ಟು ಕೂರಬೇಕಿತ್ತು.

ಗಟ್ಟಿ ಹೆಡ್‌ಗಳ ಭಾಗ ಮೊದಲು. ಕನಿಷ್ಠ ವೇಗದ ಮಿತಿ ಹಾಕಿದರೆ ಡಿಡಿರೆಸ್ಕ್ಯೂ ನಿಧಾನದ ಜಾಗ ಬಿಟ್ಟು ಮುಂದೆ ಹಾರುತ್ತದೆ. ಈ ಭಾಗ ಒಂದೇ ರಾತ್ರಿಯಲ್ಲಿ ಮುಗಿಯಿತು. ಸುಸ್ತಾದ ಹೆಡ್ಡಿಗೆ ವಾರದ ಮೇಲೆ ಹಿಡಿಯಿತು. ಮೈನಸ್ ದೊಡ್ಡ ಆರ್ (R) ಹಾಕಿ ಕೊನೆಯಿಂದ ಶುರುವಿನ ಕಡೆಗೆ ಓದಿಸಿದೆ, ಡಿಸ್ಕಿನ ಬಿಸಿ 45 ಡಿಗ್ರಿ ದಾಟಿದರೆ ನಿಲ್ಲಿಸಿ ಫ್ಯಾನ್ ಹಚ್ಚಿ ತಣಿಸಿದೆ. ಡಿಸ್ಕನ್ನು ಯಾವ ಮಗ್ಗುಲಲ್ಲಿ ಇಟ್ಟೆ, ಎಷ್ಟು ಓದಿಸಿ ಎಷ್ಟು ಹೊತ್ತು ಬಿಡುವು ಕೊಟ್ಟೆ ಅನ್ನೋದನ್ನು ಇಲ್ಲಿ ಬರೆಯೋದಿಲ್ಲ. ಅದು ನನ್ನ ಹೊಟ್ಟೆಪಾಡು. ಜೂನ್ ಮಳೆ, ದಿನಕ್ಕೆ ನಾಲ್ಕೈದು ಸಲ ಕರೆಂಟ್ ಹೋಗುತ್ತಿತ್ತು. ಯುಪಿಎಸ್ ಇತ್ತು. ಅದೂ ಕೈಕೊಟ್ಟಾಗ ಮ್ಯಾಪ್‌ಫೈಲ್ ಇದ್ದುದರಿಂದ ನಿಂತಲ್ಲಿಂದಲೇ ಶುರುಮಾಡಿದೆ.

ನಡುವೆ ಫ್ರೀಜರ್ ಪ್ರಯೋಗವನ್ನೂ ಗುಜರಿ ಡಿಸ್ಕ್‌ಗಳ ಮೇಲೆ ಮಾಡಿ ನೋಡಿದೆ. ಡಿಸ್ಕ್ ತಣ್ಣಗೆ ಮಾಡಿದರೆ ಓದುತ್ತೆ ಅಂತ ಈಗಲೂ ಹೇಳುವವರಿದ್ದಾರೆ ಅಲ್ವಾ? ನಮ್ಮ ಮಳೆಗಾಲದಲ್ಲಿ ಹೊರಗೆ ತೆಗೆದ ಎರಡೇ ನಿಮಿಷಕ್ಕೆ ಮೈಯೆಲ್ಲ ನೀರು ಒಸರಿತು. ಒಂದೂ ಓದಲಿಲ್ಲ. ದಯವಿಟ್ಟು ಗಿರಾಕಿ ಡಿಸ್ಕಿನ ಮೇಲೆ ಮಾಡಬೇಡಿ.

ಕೊನೆಗೆ ತುಂಬಿದ ಜಾಗದಲ್ಲಿ ನೂರಕ್ಕೆ 98ರಷ್ಟು ಬಂತು. ತೂತು, ಅಂದರೆ ಓದಲಾಗದೆ ಉಳಿದ ಜಾಗ, ಯಾವ ಫೈಲಿನಲ್ಲಿ ಬಿದ್ದಿದೆ ಅನ್ನೋದನ್ನು ಡಿಡಿಆರ್‌ಯುಟಿಲಿಟಿಯದ್ದೇ ಇನ್ನೊಂದು ಟೂಲ್ ಎನ್‌ಟಿಎಫ್‌ಎಸ್‌ಫೈಂಡ್‌ಬ್ಯಾಡ್ ಪಟ್ಟಿ ಮಾಡಿ ಕೊಡುತ್ತದೆ. ಎಂಪಿ3ಗೆ ತೂತು ದೊಡ್ಡ ನಷ್ಟವಲ್ಲ. 128 ಕೆಬಿಪಿಎಸ್ ಫೈಲಿನಲ್ಲಿ 4 ಕೆಬಿ ಹೋದರೆ ಕಾಲು ಸೆಕೆಂಡ್ ದನಿ ಹೋಗುತ್ತದೆ ಅಷ್ಟೇ. ಚಂಡೆ ಪೆಟ್ಟಿನ ನಡುವೆ ಹೋದರೆ ಗೊತ್ತೇ ಆಗೋದಿಲ್ಲ. ಫೋಟೋಗಳಲ್ಲಿ ಹಾಗಲ್ಲ, ತೂತು ಬಿದ್ದಲ್ಲಿಂದ ಕೆಳಗೆ ಬೂದು ಬಣ್ಣ. ಅಂಥವು ಮೂವತ್ತು ನಲವತ್ತು ಇದ್ದವು.

ಮಾಸ್ತರರು ಬರೆದ ಅರ್ಥಗಾರಿಕೆ ಟಿಪ್ಪಣಿಗಳ ವರ್ಡ್ ಫೈಲ್ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಆಗೋದಲ್ಲ ಅಂದಿದ್ದ ಹುಬ್ಬಳ್ಳಿ ಗೆಳೆಯನಿಗೆ ಕಳಿಸಿದೆ, "ನೋಡು, ಕರಪ್ಟ್ ಆಗಿದೆ, ನಾ ಹೇಳಿದ್ನಲ್ಲ" ಅಂದ. ಕರಪ್ಟ್ ಅಲ್ಲ, ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟ್, ಅದು ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರವೇ ಕಾಣುತ್ತದೆ. ನುಡಿ 01 ಇ ಹಾಕಿದ ಕೂಡಲೇ ಕನ್ನಡ ಕಾಣಿಸಿತು. ಎಲ್ಲವನ್ನೂ ಯೂನಿಕೋಡಿಗೆ ಬದಲಿಸಿ ಕೊಟ್ಟೆ. ಒತ್ತಕ್ಷರ ಕೆಲವು ಕಡೆ ಕೆಟ್ಟಿತ್ತು, ಕೂತು ಕೈಯಲ್ಲೇ ತಿದ್ದಿದೆ.

ಖರ್ಚಿನ ಲೆಕ್ಕ: 1 ಟಿಬಿ ಹೊಸ ಡಿಸ್ಕ್ ನಾಲ್ಕು ಸಾವಿರದ ಮೇಲೆ, ಅಡಾಪ್ಟರ್, ಆಲ್ಕೋಹಾಲ್ ಎಲ್ಲ ಸೇರಿ ಐದೂವರೆ ಸಾವಿರ ಇರಬಹುದು. ಡಿಸ್ಕ್ ಸಮೇತ ಒಂಬತ್ತು ಸಾವಿರ ತೆಗೆದುಕೊಂಡೆ. ದಿನದ ಲೆಕ್ಕ ಹಾಕಿದರೆ ಕೂಲಿ ಗಿಟ್ಟೋದಿಲ್ಲ. ಆದರೆ ಇಂಥದ್ದೇ ಇನ್ನೆರಡು ಡಿಸ್ಕ್ ಅಂಕೋಲಾ, ಹೊನ್ನಾವರದಿಂದ ಬಂದವು, ಎರಡೂ ಇದೇ ದಾರಿಯಲ್ಲಿ ಓದಿದವು. ಹುಬ್ಬಳ್ಳಿ ಗೆಳೆಯ ಈಗ ಕಮಾಂಡ್ ಕೇಳಿ ಫೋನ್ ಮಾಡುತ್ತಾನೆ.

ಹತ್ತು ಹನ್ನೆರಡು ರೆಕಾರ್ಡಿಂಗ್‌ಗಳಲ್ಲಿ ಇನ್ನೂ ದೊಡ್ಡ ತೂತಿದೆ. ಹಳೇ ಡಿಸ್ಕನ್ನು ಸಿಲಿಕಾ ಜೆಲ್ ಹಾಕಿ ಜಿಪ್ ಕವರಿನಲ್ಲಿ ಇಟ್ಟಿದ್ದೇನೆ, ಮ್ಯಾಪ್‌ಫೈಲೂ ಇದೆ. ಡಿಸೆಂಬರ್ ಚಳಿ ಬಂದ ಮೇಲೆ ಆ ಸೆಕ್ಟರ್‌ಗಳನ್ನಷ್ಟೇ ಮತ್ತೊಮ್ಮೆ ಓದಿಸುತ್ತೇನೆ.