ನಾನು ಪೇಟೆಂಟ್ ಓದುವ ರೀತಿ

ನಾನು ಪೇಟೆಂಟನ್ನು ಕೊನೆಯಿಂದ ಓದುತ್ತೇನೆ. ಅಮೆರಿಕದ ಪೇಟೆಂಟ್‌ಗಳಲ್ಲಿ ಕ್ಲೇಮ್‌ಗಳು, ಅಂದರೆ ಇಷ್ಟು ನಮ್ಮ ಹಕ್ಕು ಅಂತ ಹೇಳುವ ಸಾಲುಗಳು, ಇರುವುದೇ ಅಲ್ಲಿ. ಮೊದಲ ಪುಟದ ಸಾರಾಂಶ ಏನೇ ಹೇಳಲಿ, ಕಾನೂನಿನ ಬೇಲಿ ಹಾಕಿರುವುದು ಕ್ಲೇಮ್‌ನಲ್ಲಿ. ಹೊಸ ಮಿಶ್ರಲೋಹದ ಕೆಲಸಕ್ಕೆ ಕೈ ಹಾಕುವ ಮೊದಲು ಹಳೆಯದನ್ನೆಲ್ಲ ಜಾಲಾಡುವುದು ನನ್ನ ಪಾಲಿನ ಕೆಲಸ, ಹಾಗಾಗಿ ಬೇಲಿ ಎಲ್ಲಿದೆ ಅನ್ನುವುದೇ ನನಗೆ ಮೊದಲು ಬೇಕು.

ಮಿಶ್ರಲೋಹದ ಕ್ಲೇಮ್ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಕ್ರೋಮಿಯಂ ಇಷ್ಟರಿಂದ ಇಷ್ಟು ಶೇಕಡಾ, ನಿಕಲ್ ಇಷ್ಟರಿಂದ ಇಷ್ಟು, ಉಳಿದದ್ದು ಕಬ್ಬಿಣ ಮತ್ತು ತಪ್ಪಿಸಲಾಗದ ಕಲ್ಮಶಗಳು. ಆದರೆ ಅವರು ನಿಜಕ್ಕೂ ಕರಗಿಸಿ ನೋಡಿದ್ದು ಎಷ್ಟು? ಅದಕ್ಕೆ ಒಳಗಿನ ಉದಾಹರಣೆಗಳ ಟೇಬಲ್‌ಗೇ ಹೋಗಬೇಕು. ನಾನು ಆ ಅಂಕಿಗಳನ್ನು ಸ್ಪ್ರೆಡ್‌ಶೀಟ್‌ಗೆ ಹಾಕಿ, ಎರಡು ಮುಖ್ಯ ಧಾತುಗಳನ್ನು ಆರಿಸಿ ಗ್ರಾಫ್‌ನಲ್ಲಿ ಚುಕ್ಕಿ ಇಡುತ್ತೇನೆ, ಆಮೇಲೆ ಕ್ಲೇಮ್ ಹೇಳುವ ಮಿತಿಯನ್ನು ಅದರ ಮೇಲೆ ಚೌಕವಾಗಿ ಎಳೆಯುತ್ತೇನೆ. ಎಷ್ಟೋ ಸಲ ಚೌಕ ದೊಡ್ಡದಾಗಿರುತ್ತದೆ, ಚುಕ್ಕಿಗಳೆಲ್ಲ ಒಂದು ಮೂಲೆಯಲ್ಲಿ ಗುಂಪಾಗಿರುತ್ತವೆ. ಖಾಲಿ ಬಿದ್ದ ಜಾಗದಲ್ಲಿ ಏನಾಗುತ್ತದೆ ಅಂತ ಬರೆದವರಿಗೂ ಗೊತ್ತಿರಲಿಕ್ಕಿಲ್ಲ. ಹೋಲಿಕೆಗೆ ಅಂತ ಕೊಟ್ಟ ಉದಾಹರಣೆಗಳನ್ನು ಮಾತ್ರ ಬಿಡಬೇಡಿ. ಯಾವ ಧಾತು ಎಷ್ಟು ಜಾಸ್ತಿಯಾದರೆ ಬಿರುಕು ಬಿಡುತ್ತದೆ ಅನ್ನುವ ಮಾಹಿತಿ ಅಲ್ಲಿ ಪುಕ್ಕಟೆ ಸಿಗುತ್ತದೆ. ಸಂಶೋಧನಾ ಪ್ರಬಂಧಗಳಲ್ಲಿ ಕೆಟ್ಟುಹೋದ ಮಾದರಿಗಳ ಬಗ್ಗೆ ಇಷ್ಟು ಧಾರಾಳವಾಗಿ ಬರೆಯುವವರು ಕಡಿಮೆ.

ಇನ್ನೊಂದು ವಿಷಯ ಗಮನಿಸಿ. ಅಮೆರಿಕದಲ್ಲಿ ಮಾಡದೇ ಇರುವ ಪ್ರಯೋಗವನ್ನೂ ಉದಾಹರಣೆಯಾಗಿ ಬರೆಯಬಹುದು, ಆದರೆ ಮಾಡಿದ ಹಾಗೆ ಬರೆಯುವಂತಿಲ್ಲ. '900 ಡಿಗ್ರಿಗೆ ಕಾಯಿಸಲಾಯಿತು' ಅಂದರೆ ಕಾಯಿಸಿದ್ದಾರೆ. 'ಕಾಯಿಸಲಾಗುತ್ತದೆ' ಅಂತಿದ್ದರೆ ಅದು ಬರೀ ಊಹೆ ಇರಬಹುದು. ಆ ಎರಡನೇ ಥರದ ಅಂಕಿಗಳನ್ನು ನಾನು ಗ್ರಾಫ್‌ಗೆ ಸೇರಿಸುವುದೇ ಇಲ್ಲ.

ಹಾಗಾದರೆ ಪೇಟೆಂಟ್ ಸಿಕ್ಕಿದೆ ಅಂದರೆ ಆ ವಸ್ತು ಕೆಲಸ ಮಾಡುತ್ತದೆ ಅಂತಲ್ವಾ? ಹಾಗೇನಿಲ್ಲ. ಸೆಮಿಕಂಡಕ್ಟರ್ ಕಡೆ ಇದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಭೌತವಿಜ್ಞಾನಿ ಜೂಲಿಯಸ್ ಲಿಲಿಯನ್‌ಫೆಲ್ಡ್. 1926ರಲ್ಲಿ ಅಮೆರಿಕದಲ್ಲಿ ಅರ್ಜಿ ಹಾಕಿ 1930ರಲ್ಲಿ ಪೇಟೆಂಟ್ ಪಡೆದರು. ತೆಳುವಾದ ಪದರ, ಪಕ್ಕದಲ್ಲಿ ಇನ್ನೊಂದು ಎಲೆಕ್ಟ್ರೋಡ್, ಅದರ ವೋಲ್ಟೇಜ್ ಬದಲಿಸಿದರೆ ಪದರದಲ್ಲಿ ಹರಿಯುವ ಕರೆಂಟ್ ಬದಲಾಗಬೇಕು. ಇವತ್ತಿನ ಫೀಲ್ಡ್ ಎಫೆಕ್ಟ್ ಟ್ರಾನ್ಸಿಸ್ಟರ್‌ನ ಯೋಚನೆಯೇ ಇದು. ಆದರೆ ಅವರು ಹೆಸರಿಸಿದ್ದು ತಾಮ್ರದ ಸಲ್ಫೈಡ್‌ನ ಪದರ. ಬೇಕಾದಷ್ಟು ಶುದ್ಧ ವಸ್ತು ಆಗ ಇರಲಿಲ್ಲ, ಮೇಲ್ಮೈಯಲ್ಲೇ ಎಲೆಕ್ಟ್ರಾನ್‌ಗಳು ಸಿಕ್ಕಿಬಿದ್ದು ಒಳಗಿನ ಕರೆಂಟ್ ಬದಲಾಗದಂತೆ ತಡೆಯುತ್ತವೆ ಅನ್ನುವುದನ್ನು ಬೆಲ್ ಲ್ಯಾಬ್ಸ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆಯ ಭೌತವಿಜ್ಞಾನಿ ಬಾರ್ಡೀನ್ ವಿವರಿಸಿದ್ದು 1940ರ ದಶಕದಲ್ಲಿ. ಸಿಲಿಕಾನ್ ಮೇಲೆ ಒಳ್ಳೆಯ ಆಕ್ಸೈಡ್ ಬೆಳೆಸುವುದು ಕೈಗೆ ಹತ್ತಿ ಆ ಯೋಚನೆ ಕೆಲಸಕ್ಕೆ ಬರುವ ಹೊತ್ತಿಗೆ 1960 ಆಗಿತ್ತು. ಹಾಗಿದ್ದೂ ಆ ಹಳೆ ಕಾಗದ ಸುಮ್ನೆ ಕೂರಲಿಲ್ಲ. ಬೆಲ್ ಲ್ಯಾಬ್ಸ್‌ನ ವಕೀಲರು ಅದನ್ನು ಕಂಡ ಮೇಲೆ ಅಲ್ಲಿನ ವಿಜ್ಞಾನಿ ಶಾಕ್ಲಿಯವರ ಫೀಲ್ಡ್ ಎಫೆಕ್ಟ್ ಯೋಚನೆಯನ್ನು ಪಕ್ಕಕ್ಕಿಟ್ಟು, ಬಾರ್ಡೀನ್ ಮತ್ತು ಅವರ ಸಹೋದ್ಯೋಗಿ ಬ್ರಾಟೈನ್ ಹೆಸರಲ್ಲಿ, ಲೋಹದ ಮೊನೆಗಳು ಸೆಮಿಕಂಡಕ್ಟರನ್ನು ತಾಗುವ ಪಾಯಿಂಟ್ ಕಾಂಟ್ಯಾಕ್ಟ್ ಟ್ರಾನ್ಸಿಸ್ಟರ್‌ಗೆ ಅರ್ಜಿ ಹಾಕಿದರು. ಅದಕ್ಕೇ ನಾನು ಸತ್ತುಹೋದ ಹಳೆ ಪೇಟೆಂಟ್‌ಗಳನ್ನೂ ಬಿಡುವುದಿಲ್ಲ. ಅವಧಿ ಮುಗಿದಿದ್ದರೂ, ಇದು ಹೊಸದಲ್ಲ ಅಂತ ಸಾಕ್ಷಿ ಹೇಳಲು ಅವು ಸಾಕು.

ಗಿಡಗಳ ಪೇಟೆಂಟ್ ಓದಲು ಶುರುಮಾಡಿದ್ದು ತಳಿ ಅಭಿವೃದ್ಧಿ ಮಾಡುವ ಒಬ್ಬ ಗೆಳೆಯನಿಗೋಸ್ಕರ. ಅಲ್ಲಿ ನನ್ನ ಚೌಕ, ಚುಕ್ಕಿ ಯಾವುದೂ ನಡೆಯಲಿಲ್ಲ. ಅಮೆರಿಕದಲ್ಲಿ 1930ರ ಕಾನೂನಿನಿಂದ ಬಂದ ಗಿಡದ ಪೇಟೆಂಟ್‌ಗೆ ಇರುವುದು ಒಂದೇ ಕ್ಲೇಮ್: ಇಲ್ಲಿ ತೋರಿಸಿ ವಿವರಿಸಿದ ಈ ಗಿಡ, ಅಷ್ಟೇ. ಅದೂ ಕಸಿ, ಕಡ್ಡಿಯಂಥ ವಿಧಾನದಲ್ಲಿ ಬೆಳೆಸುವ ಗಿಡಗಳಿಗೆ ಮಾತ್ರ, ಆಲೂಗಡ್ಡೆಯಂಥ ಗೆಡ್ಡೆಗಳಿಗೆ ಇಲ್ಲ. ಮೊದಲನೆಯದು 1931ರಲ್ಲಿ 'ನ್ಯೂ ಡಾನ್' ಅನ್ನುವ ಬಳ್ಳಿ ಗುಲಾಬಿಗೆ ಸಿಕ್ಕಿತು. ಮತ್ತೆ ಮತ್ತೆ ಹೂ ಬಿಡುವುದೇ ಅದರ ಹೆಚ್ಚುಗಾರಿಕೆ. ಇಂಥವುಗಳಲ್ಲಿ ಇಡೀ ವಿವರಣೆಯೇ ಬೇಲಿ, ಆದ್ದರಿಂದ ಎಲೆಯ ಅಂಚು, ತೊಟ್ಟಿನ ಉದ್ದ, ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಚಾರ್ಟ್ ಪ್ರಕಾರ ದಳದ ಬಣ್ಣದ ನಂಬರ್, ಎಲ್ಲವನ್ನೂ ಕೂತು ಓದಬೇಕು. ತಂದೆ ತಾಯಿ ತಳಿ ಯಾವುದು ಅನ್ನುವ ಸಾಲನ್ನು ಮಾತ್ರ ನಾನು ಪೂರ್ತಿ ನಂಬುವುದಿಲ್ಲ. 1990ರಲ್ಲಿ ಪೇಟೆಂಟ್ ಪಡೆದ 'ಹನಿಕ್ರಿಸ್ಪ್' ಸೇಬನ್ನೇ ನೋಡಿ. ಮಕೌನ್ ಮತ್ತು ಹನಿಗೋಲ್ಡ್ ಸೇರಿಸಿ ಪಡೆದದ್ದು ಅಂತ ಅದರಲ್ಲಿ ಬರೆದಿದೆ. ಮುಂದೆ ಡಿಎನ್‌ಎ ನೋಡಿದಾಗ ಎರಡೂ ಅಲ್ಲ ಅಂತಾಯ್ತು, ಒಂದು ಕಡೆಯ ಪೋಷಕ ತಳಿ ಕೀಪ್‌ಸೇಕ್.

ಹುಡುಕುವಾಗ ಪದಗಳಿಗಿಂತ, ಪೇಟೆಂಟ್ ಕಚೇರಿಗಳು ವಿಷಯದ ಪ್ರಕಾರ ಕೊಡುವ ವರ್ಗೀಕರಣದ ಕೋಡ್ ನಂಬುತ್ತೇನೆ. ಮಿಶ್ರಲೋಹಕ್ಕೆ ಸಿ22ಸಿ, ಹೊಸ ಗಿಡಗಳಿಗೆ ಎ01ಎಚ್, ಸೆಮಿಕಂಡಕ್ಟರ್‌ಗೆ ಎಚ್01ಎಲ್, ಆದರೆ ಇದರ ಹಲವು ಭಾಗ ಈಗ ಎಚ್10ಕ್ಕೆ ಹೋಗಿರುವುದರಿಂದ ಎರಡನ್ನೂ ನೋಡುತ್ತೇನೆ. ಕೊನೆಗೆ ಪೇಟೆಂಟ್ ಜೀವಂತ ಇದೆಯಾ ಅಂತ ನೋಡುವುದು. ಅಮೆರಿಕದಲ್ಲಿ ಲೋಹ, ಚಿಪ್‌ಗಳ ಪೇಟೆಂಟ್ ಉಳಿಯಬೇಕಾದರೆ ಮೂರೂವರೆ, ಏಳೂವರೆ, ಹನ್ನೊಂದೂವರೆ ವರ್ಷಕ್ಕೆ ಶುಲ್ಕ ಕಟ್ಟಬೇಕು, ಎಷ್ಟೋ ಜನ ಕಟ್ಟದೆ ಬಿಟ್ಟುಬಿಡುತ್ತಾರೆ. ಗಿಡದ ಪೇಟೆಂಟ್‌ಗೆ ಆ ಶುಲ್ಕ ಇಲ್ಲ. ಹಾಗಾಗಿ ಗೆಳೆಯನಿಗೆ, ಅರ್ಜಿ ಹಾಕಿದ ದಿನದಿಂದ 20 ವರ್ಷ ಎಣಿಸಿಕೋ, ಅದಕ್ಕೆ ಮೊದಲು ತಾನಾಗೇ ಬಿದ್ದುಹೋಗುತ್ತದೆ ಅಂತ ಕಾಯಬೇಡ ಅಂದೆ.