ಬಾಡಿಗೆದಾರ ಮನೆಯನ್ನು ಇನ್ನೊಬ್ಬರಿಗೆ ಕೊಡುತ್ತೇನೆ ಎಂದರೆ ಮಾಲೀಕರು ಏನು ಮಾಡಬೇಕು?

ಬೆಳಗಾವಿಯ ಉದ್ಯಮಬಾಗದಲ್ಲಿ ಕೆಲಸ ಮಾಡುವವರು ಟಿಳಕವಾಡಿಯಲ್ಲಿ ಮನೆ ಹಿಡಿಯುತ್ತಾರೆ. ಕೆಲವೇ ತಿಂಗಳಲ್ಲಿ ಪುಣೆಗೋ ಹುಬ್ಬಳ್ಳಿಗೋ ಹೋಗಬೇಕಾಗುತ್ತದೆ. ಆಗ ಮಾಲೀಕರಿಗೆ ಫೋನ್ ಬರುತ್ತದೆ: ‘ಕಾಕಾರ, ನನ್ನ ದೋಸ್ತ ಇರ್ತಾನ್ರಿ. ಬಾಡಿಗಿ ನಾನ ಕೊಡ್ತೀನಿ.’ ‘ಆಯ್ತು ತಗೋರಿ’ ಎನ್ನುವ ಮೊದಲು ಕರಾರು ಪತ್ರ ತೆಗೆದು ಓದಿ.

ಪತ್ರದಲ್ಲಿ ಒಳಬಾಡಿಗೆಯ ಮಾತೇ ಇಲ್ಲದಿದ್ದರೆ ತಮಗೇನೂ ತೊಂದರೆ ಇಲ್ಲ ಎಂದು ತುಂಬಾ ಮಾಲೀಕರು ನಂಬಿದ್ದಾರೆ. ಅದು ತಪ್ಪು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇಡ ಎಂದು ಬರೆದಿಲ್ಲದಿದ್ದರೆ ಬಾಡಿಗೆದಾರ ತನ್ನ ಹಕ್ಕನ್ನು ಇನ್ನೊಬ್ಬರಿಗೆ ಕೊಡಬಹುದು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆಯಲ್ವಾ ಎನ್ನಬಹುದು. ತಿಂಗಳ ಬಾಡಿಗೆ 3500 ರೂಪಾಯಿ ದಾಟಿದರೆ ಅದು ಅನ್ವಯಿಸುವುದಿಲ್ಲ. ಈಗ ಅಷ್ಟು ಕಡಿಮೆಗೆ ಮನೆ ಎಲ್ಲಿ ಸಿಗುತ್ತದೆ?

ಹಾಗಾಗಿ ಹೊಸ ಕರಾರು ಮಾಡುವಾಗ ಎರಡು ಸಾಲು ಬರೆಸಿ. ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಒಳಬಾಡಿಗೆಗೆ ಕೊಡುವಂತಿಲ್ಲ, ಕರಾರನ್ನು ಬೇರೆಯವರಿಗೆ ವರ್ಗಾಯಿಸುವಂತಿಲ್ಲ. ಈ ಷರತ್ತು ಮುರಿದರೆ ಮಾಲೀಕರು ಮನೆ ಹಿಂದಕ್ಕೆ ಪಡೆಯಬಹುದು. ಮನೆ ಹಿಂದಕ್ಕೆ ಪಡೆಯುವ ಈ ಎರಡನೆಯ ಸಾಲನ್ನು ಜನ ಬಿಟ್ಟುಬಿಡುತ್ತಾರೆ. ಅದಿಲ್ಲದಿದ್ದರೆ ಮೊದಲನೆಯ ಸಾಲಿಗೆ ಬಲ ಕಡಿಮೆ. ಅವಧಿ ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ.

ಇನ್ನು ಕೇಳಿದವರಿಗೆ ಒಪ್ಪುವುದಾದರೆ, ಅವರು ಏನು ಕೇಳುತ್ತಿದ್ದಾರೆ ಎಂದು ತಿಳಿದುಕೊಳ್ಳಿ. ನಾಲ್ಕು ತಿಂಗಳು ಹೋಗಿ ವಾಪಸ್ ಬರುತ್ತಾರೆ ಎಂದರೆ ಅದು ಒಳಬಾಡಿಗೆ. ಆಗ ಬಾಡಿಗೆ ಕೊಡುವ ಹೊಣೆ ಹಳೆಯವರದ್ದೇ. ಹೊಸದಾಗಿ ಬಂದವರ ಹತ್ತಿರ ನೀವು ನೇರವಾಗಿ ಕೇಳುವಂತಿಲ್ಲ. ಉಳಿದ ಅವಧಿಯನ್ನು ಪೂರ್ತಿ ಬಿಟ್ಟುಕೊಟ್ಟು ಹೋಗುತ್ತಾರೆ ಎಂದರೆ ಅದು ಕರಾರಿನ ವರ್ಗಾವಣೆ. ಹೊಸಬರು ಅವರ ಜಾಗಕ್ಕೆ ಬರುತ್ತಾರೆ. ಆದರೂ ನೀವಾಗಿ ಬಿಡುಗಡೆ ಕೊಡುವ ತನಕ ಹಳೆಯವರ ಹೊಣೆ ಮುಗಿಯುವುದಿಲ್ಲ. ಪೂರ್ತಿ ಹೋಗುವವರಾದರೆ ಹಳೆಯ ಕರಾರು ಮುಗಿಸಿ, ಡಿಪಾಸಿಟ್ ಲೆಕ್ಕ ಚುಕ್ತಾ ಮಾಡಿ, ಹೊಸಬರ ಜೊತೆ ಹೊಸ ಕರಾರು ಮಾಡುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಒಪ್ಪಿಗೆ ಪತ್ರ ಒಂದು ಪುಟ ಸಾಕು. ಬರುವವರ ಹೆಸರು, ಎಲ್ಲಿಂದ ಎಲ್ಲಿಯ ತನಕ, ಡಿಪಾಸಿಟ್ ಯಾರದ್ದು, ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ, ಅವರು ಮತ್ತೊಬ್ಬರಿಗೆ ಕೊಡುವಂತಿಲ್ಲ ಎಂಬುದು ಇರಲಿ. ಮೂವರೂ ಸಹಿ ಮಾಡಲಿ. ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ.

ಕೇಳದೇ ಕೊಟ್ಟಿದ್ದರೆ? ಊರಿಂದ ಬಂದ ತಮ್ಮ ಜೊತೆಗಿದ್ದರೆ ಅದು ಒಳಬಾಡಿಗೆ ಅಲ್ಲ. ಬಾಡಿಗೆದಾರ ಮನೆಯ ಹಿಡಿತವನ್ನೇ ಬಿಟ್ಟುಕೊಟ್ಟಿದ್ದಾರಾ, ಅದಕ್ಕೆ ದುಡ್ಡು ತಗೊಂಡಿದ್ದಾರಾ ಎಂದು ವಿಚಾರಿಸಿ. ಖಾತ್ರಿಯಾದರೆ ತಡ ಮಾಡಬೇಡಿ. ವಿಷಯ ಗೊತ್ತಿದ್ದೂ ಮುಂದಿನ ಬಾಡಿಗೆ ತಗೊಂಡರೆ, ಷರತ್ತು ಮುರಿದದ್ದನ್ನು ನೀವು ಮನ್ನಿಸಿದಂತೆ ಆಗುತ್ತದೆ; ಆಸ್ತಿ ವರ್ಗಾವಣೆ ಕಾಯ್ದೆಯ 112ನೇ ಕಲಮು ಹಾಗೆ ಹೇಳುತ್ತದೆ. ಮೊದಲು ವಕೀಲರ ಮೂಲಕ ಲಿಖಿತ ನೋಟಿಸ್ ಕೊಡಿ. ದಾವೆ ಹೂಡಿದ ಮೇಲೆ ತಗೊಂಡ ಬಾಡಿಗೆ ಮನ್ನಣೆ ಆಗುವುದಿಲ್ಲ.

ಸಿಟ್ಟು ಬಂತೆಂದು ಬೀಗ ಹಾಕಬೇಡಿ, ಸಾಮಾನು ಹೊರಗಿಡಬೇಡಿ. ಹಾಗೆ ಹೊರಹಾಕಿಸಿಕೊಂಡವರು 6 ತಿಂಗಳೊಳಗೆ ಕೋರ್ಟಿಗೆ ಹೋಗಿ ಮತ್ತೆ ಒಳಗೆ ಬರಬಹುದು.